ಕಿತ್ತಳೆಯ ಹುಳ ಮತ್ತು ಅನಿಲದ ಅಳತೆ

ಮೈಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚಿನ ರೂಪ



ಕೊಯ್ಲಾದ ಕಿತ್ತಳೆ, ಮೂಸಂಬಿ, ನಿಂಬೆಗಳಿಗೆ ವಿಷಾನಿಲ ಕೊಟ್ಟು ಅವುಗಳಲ್ಲಿರುವ ಕೀಟಗಳನ್ನು ಕೊಲ್ಲುವ ಕೆಲಸದ ಬಗ್ಗೆ ಮಾತಾಡುತ್ತೇನೆ ಎಂದಾಗ, ಇದು ಮುಂಬಯಿಯಲ್ಲೋ ಮಂಗಳೂರಿನಲ್ಲೋ ಆಡಬೇಕಾದ ಮಾತಲ್ಲವೆ ಎಂದು ಕೆಲವರು ಕೇಳಿದರು. ಮೈಸೂರಿಗೆ ಬಂದರಿಲ್ಲ, ನಿಜ. ಆದರೆ ಈ ವಿದ್ಯೆಗೂ ಈ ಊರಿಗೂ ಇರುವ ನಂಟು ದೇಶದ ಕಾನೂನಿನಲ್ಲೇ ಅಚ್ಚಾಗಿದೆ. 1968ರ ಕೀಟನಾಶಕ ಕಾಯ್ದೆಯ ನಿಯಮಾವಳಿಯನ್ನು ತೆರೆದು ನೋಡಿ. ಮೀಥೈಲ್ ಬ್ರೋಮೈಡ್, ಅಲ್ಯೂಮಿನಿಯಂ ಫಾಸ್ಫೈಡ್‌ನಂಥ ಅನಿಲ ವಿಷಗಳನ್ನು ಬಳಸಿ ಕೀಟ ನಿಯಂತ್ರಣ ಮಾಡುವ ಪರವಾನಗಿ ಬೇಕಾದವರು ಕೃಷಿ ಪದವಿಯನ್ನೋ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿಯನ್ನೋ ಪಡೆದಿರಬೇಕು. ಅದರ ಜೊತೆಗೆ ಹೆಸರಿಸಿದ ಸಂಸ್ಥೆಗಳಲ್ಲೊಂದರಲ್ಲಿ ಕನಿಷ್ಠ 15 ದಿನ ತರಬೇತಿ ಪಡೆದಿರಬೇಕು. ಆ ಸಂಸ್ಥೆಗಳಲ್ಲಿ ಒಂದು ಹೈದರಾಬಾದಿನದು, ಒಂದು ಉತ್ತರ ಪ್ರದೇಶದ ಹಾಪುಡದ್ದು, ಇನ್ನೊಂದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ. ನಾವೆಲ್ಲ ಸಿಎಫ್‌ಟಿಆರ್‌ಐ ಎಂದೇ ಕರೆಯುವ, ಚೆಲುವಾಂಬ ಮಹಲಿನ ಆ ಸಂಸ್ಥೆ. ದೇಶದ ಉಗ್ರಾಣಗಳಲ್ಲಿ, ಬಂದರುಗಳಲ್ಲಿ ಮುಖವಾಡ ಕಟ್ಟಿಕೊಂಡು ಅನಿಲ ಬಿಡುವ ಎಷ್ಟೋ ಜನ ಅದರ ಆವರಣದಲ್ಲಿ ಪಾಠ ಕಲಿತು ಹೋದವರು. ಅವರು ಕಲಿತ ಪಾಠದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಒಂದನ್ನು ಈ ಹೊತ್ತು ತಮ್ಮೆದುರು ಬಿಡಿಸಿಡಬೇಕೆಂದಿದ್ದೇನೆ. ಪೆಟ್ಟಿಗೆಗೆ ಎಷ್ಟು ಅನಿಲ ಬಿಟ್ಟೆವು ಎಂಬುದು ಲೆಕ್ಕವಲ್ಲ. ಹುಳ ಇರುವ ಜಾಗಕ್ಕೆ ಎಷ್ಟು ತಲುಪಿತು, ಎಷ್ಟು ಹೊತ್ತು ನಿಂತಿತು ಎಂಬುದೇ ಲೆಕ್ಕ.

ಮೊದಲು ಹುಳವನ್ನು ನೋಡೋಣ. ನಮ್ಮ ಕಡೆಯ ಹಣ್ಣುನೊಣಕ್ಕೆ ಶಾಸ್ತ್ರದಲ್ಲಿ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಎಂದು ಹೆಸರು. ಮಾವು, ಸೀಬೆ, ಸಪೋಟ, ಕಿತ್ತಳೆ ಎಲ್ಲಕ್ಕೂ ಬರುತ್ತದೆ. ಮನೆನೊಣದಷ್ಟೇ ಗಾತ್ರ; ಎದೆಯ ಎರಡು ಪಕ್ಕದಲ್ಲಿ ಹಳದಿ ಪಟ್ಟಿ, ತಿಳಿಯಾದ ರೆಕ್ಕೆ, ಹೊಟ್ಟೆಯ ತುದಿಯಲ್ಲಿ ಚೂಪಾದ ಕೊಳವೆ. ಹೆಣ್ಣು ಆ ಕೊಳವೆಯಿಂದ ಹಣ್ಣಿನ ಸಿಪ್ಪೆಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಕಿತ್ತಳೆಯ ಮೇಲೆ ಆಗ ಕಾಣುವುದು ಸೂಜಿಮೊನೆಯಷ್ಟು ಗುರುತು ಮಾತ್ರ. ಕೊಳ್ಳುವವರ ಕಣ್ಣಿಗಿರಲಿ, ಬೆಳೆಗಾರರ ಕಣ್ಣಿಗೂ ಅದು ಬೀಳುವುದಿಲ್ಲ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಬಿಳಿ ಮರಿಹುಳ ತೊಳೆಯೊಳಗೆ ನುಗ್ಗುತ್ತದೆ. ಚುಚ್ಚಿದ ಜಾಗದ ಸುತ್ತ ಸಿಪ್ಪೆ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಒಳಗೆ ಕೊಳೆ ಹಿಡಿದಿರುತ್ತದೆ. ಅಂಥ ಹಣ್ಣನ್ನು ಬಿಡಿಸಿ ತಟ್ಟೆಯಲ್ಲಿಟ್ಟರೆ, ಬಲಿತ ಹುಳ ತಲೆ ಬಾಲ ಒಂದು ಮಾಡಿಕೊಂಡು ಬಾಗಿ ಚಂಗನೆ ತಟ್ಟೆಯಾಚೆಗೆ ಹಾರುತ್ತದೆ. ಕಾಲಿಲ್ಲದ ಹುಳ ಹಾಗೆ ನೆಗೆಯುವುದನ್ನು ಮೊದಲ ಬಾರಿ ನೋಡಿದ ಮಕ್ಕಳು ಕಿರುಚಿಕೊಳ್ಳುತ್ತಾರೆ. ಹುಳಕ್ಕೆ ಬೇಕಾದದ್ದು ಮಣ್ಣು. ಮಣ್ಣಿಗಿಳಿದು ಕೋಶ ಕಟ್ಟಿಕೊಂಡು, ಹತ್ತಾರು ದಿನದಲ್ಲಿ ಮತ್ತೆ ನೊಣವಾಗಿ ಏಳುತ್ತದೆ.

ನಿಂಬೆ ಜಾತಿಯ ಹಣ್ಣುಗಳಿಗೆ ತಮ್ಮದೇ ಆದ ಕಾವಲಿದೆ. ಸಿಪ್ಪೆಯ ಹೊರ ಪದರದ ತುಂಬ ಎಣ್ಣೆಯ ಚೀಲಗಳು. ಸಿಪ್ಪೆ ಹಿಂಡಿದರೆ ಕಣ್ಣಿಗೆ ಚುರ್ ಎನ್ನುವುದು ಆ ಎಣ್ಣೆಯೇ. ನೊಣದ ಮೊಟ್ಟೆಗೂ ಮರಿಹುಳಕ್ಕೂ ಅದು ವಿಷ. ನೊಣ ಆ ಪದರವನ್ನು ದಾಟಿ ಬಿಳಿ ಪದರದಲ್ಲಿ ಮೊಟ್ಟೆಯಿಟ್ಟರಷ್ಟೇ ಸಂತತಿ ಉಳಿಯುತ್ತದೆ. ನಿಂಬೆಹಣ್ಣಿನಲ್ಲಿ ಹಣ್ಣುನೊಣದ ಹುಳ ಅಪರೂಪವಾಗಿರುವುದಕ್ಕೂ ತೆಳು ಸಿಪ್ಪೆಯ ಕಿತ್ತಳೆಯಲ್ಲಿ ಸಿಗುವುದಕ್ಕೂ ಇದೊಂದು ಕಾರಣ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಂದು ಹಣ್ಣು ಕೊಳೆತರೆ ಬೆಳೆಗಾರನ ನಷ್ಟ. ಆದರೆ ಹುಳವಿರುವ ಹಣ್ಣು ಆ ನೊಣವೇ ಇಲ್ಲದ ನಾಡನ್ನು ಮುಟ್ಟಿದರೆ? ನಮ್ಮ ಹಣ್ಣುನೊಣ ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಹವಾಯಿ ದ್ವೀಪಗಳನ್ನು ಸೇರಿತು. 2003ರಲ್ಲಿ ಕೀನ್ಯಾದಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಆಫ್ರಿಕದ ಬಹುಭಾಗಕ್ಕೆ ಹಬ್ಬಿತು. ಅಲ್ಲಿನ ಮಾವಿನ ಬೆಳೆಗಾರರು ಹೊರದೇಶದ ಮಾರುಕಟ್ಟೆ ಕಳೆದುಕೊಂಡದ್ದು ಹೀಗೆ. ನಾವು ಹೆದರಬೇಕಾದ ನೊಣವೂ ಇದೆ. ಮೆಡಿಟರೇನಿಯನ್ ಹಣ್ಣುನೊಣ ಇನ್ನೂ ನಮ್ಮಲ್ಲಿ ನೆಲೆಯೂರಿಲ್ಲ. ಈಗ ಮೈಸೂರಿನ ಹಣ್ಣಿನಂಗಡಿಗಳಲ್ಲಿ ಈಜಿಪ್ಟಿನ, ದಕ್ಷಿಣ ಆಫ್ರಿಕದ ಕಿತ್ತಳೆಗಳು ಚೀಟಿ ಅಂಟಿಸಿಕೊಂಡು ಕೂತಿರುತ್ತವೆ. ಆ ನೊಣವಿರುವ ನಾಡಿನ ಹಣ್ಣು ನಮ್ಮ ಅಂಗಡಿಯವರೆಗೆ ಬರಬೇಕಾದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ ಹುಳ ಸಾಯಲೇಬೇಕು. ಸಸ್ಯ ಕ್ವಾರಂಟೈನ್ ಎಂದರೆ ಆ ಸಾವಿನ ಖಾತ್ರಿ.

ನಮ್ಮ ದೇಶದಲ್ಲಿ ಈ ಕಾವಲು ಹತ್ತಿಯಿಂದ ಶುರುವಾಯಿತು. ಅಮೆರಿಕದ ಹತ್ತಿಯ ಜೊತೆ ಅಲ್ಲಿನ ಕಾಯಿಕೊರಕ ದುಂಬಿ ಬಂದೀತೆಂದು 1906ರಲ್ಲಿ ಆಮದು ಹತ್ತಿಗೆ ಬೊಂಬಾಯಿಯಲ್ಲಿ ಅನಿಲ ಕೊಡುವ ಕಟ್ಟಳೆ ಬಂತು. 1914ರಲ್ಲಿ ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ ಬಂತು; ಇಂದಿನ 2003ರ ಆಮದು ಆದೇಶ ನಿಂತಿರುವುದೂ ಆ ಹಳೆಯ ಕಾಯ್ದೆಯ ಮೇಲೆಯೇ. ಕಾವಲು ಸಡಿಲವಾದಾಗ ಏನಾಗುತ್ತದೆಂದು ನೋಡಲು ನಾವು ದೂರ ಹೋಗಬೇಕಿಲ್ಲ. ಇಲ್ಲಿಂದ ಗುಂಡ್ಲುಪೇಟೆ ದಾಟಿ ನೀಲಗಿರಿ ಹತ್ತಿದರೆ ಸಾಕು. ಆಸ್ಟ್ರೇಲಿಯ ಮೂಲದ, ಬಿಳಿ ಹತ್ತಿಯಂಥ ಚೀಲ ಹೊತ್ತ ಶಲ್ಕಕೀಟವೊಂದು 1928ರಲ್ಲಿ ಅಲ್ಲಿನ ವ್ಯಾಟಲ್ ಮರಗಳ ಮೇಲೆ ಕಾಣಿಸಿಕೊಂಡಿತು.

ಅದೇ ಶಲ್ಕಕೀಟ ನಮ್ಮ ಇಂದಿನ ವಿಷಯದ ಹುಟ್ಟಿಗೂ ಕಾರಣ. 1880ರ ದಶಕದಲ್ಲಿ ಅದು ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಹಾಳುಗೆಡವುತ್ತಿತ್ತು. ಯಾವ ಸಿಂಪಡಣೆಗೂ ಬಗ್ಗದಿದ್ದಾಗ ಡಿ. ಡಬ್ಲ್ಯು. ಕೊಕಿಲೆಟ್ ಎಂಬ ಕೀಟಶಾಸ್ತ್ರಜ್ಞ 1886ರಲ್ಲಿ ಮರಕ್ಕೆ ಮರವನ್ನೇ ಗುಡಾರದಿಂದ ಮುಚ್ಚಿ ಒಳಗೆ ಹೈಡ್ರೋಜನ್ ಸಯನೈಡ್ ಅನಿಲ ಬಿಟ್ಟ. ಬೆಳೆಗೆ ಅನಿಲ ಕೊಡುವ ವಿದ್ಯೆ ಕಿತ್ತಳೆ ಮರದಡಿಯಲ್ಲೇ ಕಣ್ಣು ಬಿಟ್ಟಿತು ಎನ್ನಬಹುದು. ಮುಂದೆ ಎರಡು ಮೂರು ವರ್ಷದಲ್ಲಿ ಆಸ್ಟ್ರೇಲಿಯದಿಂದ ತಂದ ಪುಟ್ಟ ಗುಲಗಂಜಿ ದುಂಬಿ ಆ ಶಲ್ಕಕೀಟವನ್ನು ತಿಂದು ತೇಗಿತು. ನಮ್ಮ ನೀಲಗಿರಿಗೂ ಆಮೇಲೆ ಅದೇ ದುಂಬಿಯನ್ನು ತರಿಸಿದರು. ಆದರೆ ಸಯನೈಡ್ ಗುಡಾರಗಳು ಬೇರೆ ಶಲ್ಕಕೀಟಗಳಿಗಾಗಿ ಮುಂದುವರಿದವು. 1910ರ ದಶಕದಲ್ಲಿ ಎಚ್. ಜೆ. ಕ್ವೇಲ್ ಎಂಬಾತ ಒಂದು ಸಂಗತಿ ಗಮನಿಸಿದ. ಕೆಲವು ತೋಟಗಳಲ್ಲಿ ಮೊದಲು ಸಾಯುತ್ತಿದ್ದಷ್ಟೇ ಅನಿಲಕ್ಕೆ ಕೀಟ ಈಗ ಸಾಯುತ್ತಿರಲಿಲ್ಲ. ಬದುಕಿ ಉಳಿದವುಗಳ ಸಂತತಿ ಗಟ್ಟಿಯಾಗುತ್ತ ಬಂದಿತ್ತು. ಅರೆಬರೆ ಅನಿಲ ಕೊಟ್ಟರೆ ಕೀಟವನ್ನು ನಾವೇ ಸಾಕಿ ಬಲಪಡಿಸಿದಂತೆ ಎಂಬ ಪಾಠ ನೂರು ವರ್ಷಕ್ಕೂ ಹಳೆಯದು.

ಸಯನೈಡ್ ಮಾರಕ ವಿಷ, ಹಣ್ಣಿನೊಳಕ್ಕೆ ಅಷ್ಟಾಗಿ ಇಳಿಯುವುದೂ ಇಲ್ಲ. ಕೊಯ್ದ ಹಣ್ಣಿಗೆ ಒಪ್ಪುವ ಅನಿಲದ ಹುಡುಕಾಟದಲ್ಲಿ ಎರಡು ಬ್ರೋಮಿನ್ ಸಂಯುಕ್ತಗಳು ಮುಂದೆ ಬಂದವು. 1932ರಲ್ಲಿ ಫ್ರಾನ್ಸಿನ ಲೆ ಗುಪಿಲ್ ಮೀಥೈಲ್ ಬ್ರೋಮೈಡಿನ ಕೀಟನಾಶಕ ಗುಣವನ್ನು ಕಂಡುಕೊಂಡ. ಹಣ್ಣುನೊಣಕ್ಕೆ ಎಥಿಲೀನ್ ಡೈಬ್ರೋಮೈಡ್ ಇನ್ನೂ ಪರಿಣಾಮಕಾರಿ ಎಂದು ಮುಂದೆ ಗೊತ್ತಾಗಿ, ಫ್ಲಾರಿಡಾ, ಇಸ್ರೇಲ್‌ಗಳ ಕಿತ್ತಳೆ ಪೆಟ್ಟಿಗೆಗಳಿಗೆ ದಶಕಗಳ ಕಾಲ ಅದೇ ಬಳಕೆಯಾಯಿತು. ಮೈಸೂರು ಈ ಕತೆಯೊಳಕ್ಕೆ ಬರುವುದು ಇಲ್ಲಿ. 1950ರ ಅಕ್ಟೋಬರಿನಲ್ಲಿ ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ ಆರಂಭವಾದ ಸಿಎಫ್‌ಟಿಆರ್‌ಐಯಲ್ಲಿ ಎಸ್. ಕೆ. ಮಜುಂದಾರ್, ಎಂ. ಮುತ್ತು, ಕೆ. ಎಸ್. ನರಸಿಂಹನ್ ಮೊದಲಾದವರು 1960ರ ದಶಕದ ಆರಂಭದಲ್ಲಿ ಈ ಎರಡು ಅನಿಲಗಳ ನಡವಳಿಕೆಯನ್ನು ಜೋಡಿಯಾಗಿ ಅಧ್ಯಯನ ಮಾಡಿದರು. ಮೀಥೈಲ್ ಬ್ರೋಮೈಡ್ ಹಗುರಾಗಿ ನುಗ್ಗುತ್ತದೆ, ಬೇಗ ಹೊರಟು ಹೋಗುತ್ತದೆ. ಎಥಿಲೀನ್ ಡೈಬ್ರೋಮೈಡ್ ನಿಧಾನ, ಎದುರು ಸಿಕ್ಕಿದ್ದಕ್ಕೆಲ್ಲ ಅಂಟಿಕೊಂಡು ಕೂರುತ್ತದೆ. ಎರಡನ್ನೂ ಬೆರೆಸಿದರೆ ಒಂದು ಇನ್ನೊಂದನ್ನು ಒಳಕ್ಕೆ ಕರೆದೊಯ್ಯುತ್ತದೆ. ಡ್ಯೂರೋಫ್ಯೂಮ್ ಎಂಬ ಹೆಸರಿನಲ್ಲಿ ಆ ವಿಧಾನ ಧಾನ್ಯದ ಚೀಲಗಳಿಗಾಗಿ ಹೊರಬಂತು. ದೇಶ ಹಡಗಿನಲ್ಲಿ ಬಂದ ಗೋಧಿ ತಿನ್ನುತ್ತಿದ್ದ ಕಾಲ; ಒಂದೊಂದು ಚೀಲ ಉಳಿಸುವುದೂ ಊಟದ ಪ್ರಶ್ನೆಯಾಗಿತ್ತು. ಅವರ ದುಡಿಮೆಯನ್ನು ಆ ಕಾಲದ ಹಸಿವಿನ ಎದುರಿಗಿಟ್ಟೇ ತೂಗಬೇಕು.

ಎಥಿಲೀನ್ ಡೈಬ್ರೋಮೈಡ್ ಕ್ಯಾನ್ಸರ್‌ಕಾರಕ ಎಂದು ಸಾಬೀತಾದ ಮೇಲೆ ಅಮೆರಿಕ 1983–84ರಲ್ಲಿ ಅದನ್ನು ಕೈಬಿಟ್ಟಿತು. ಭಾರತದಲ್ಲಿ ನಿಷೇಧದ ಅಧಿಸೂಚನೆ ಬಂದದ್ದು 2001ರ ಜುಲೈನಲ್ಲಿ. ಆ ನಡುವಿನ ವರ್ಷಗಳ ಅಂತರ ನನ್ನನ್ನು ಕಾಡುತ್ತದೆ. ಮೀಥೈಲ್ ಬ್ರೋಮೈಡಿನ ಸರದಿ ಬೇರೆ ದಾರಿಯಲ್ಲಿ ಬಂತು. ಅದರ ಬ್ರೋಮಿನ್ ಪರಮಾಣು ಮೇಲಿನ ಓಝೋನ್ ಪದರವನ್ನು ಕ್ಲೋರಿನ್‌ಗಿಂತ ಹಲವು ಪಟ್ಟು ತೀವ್ರವಾಗಿ ತಿನ್ನುತ್ತದೆ ಎಂದು ಗೊತ್ತಾಗಿ, 1992ರಲ್ಲಿ ಕೋಪನ್‌ಹೇಗನ್ ಸಭೆ ಅದನ್ನು ಮಾಂಟ್ರಿಯಲ್ ಒಪ್ಪಂದದ ಪಟ್ಟಿಗೆ ಸೇರಿಸಿತು. ಮುಂದುವರಿದ ದೇಶಗಳಿಗೆ 2005, ನಮ್ಮಂಥ ದೇಶಗಳಿಗೆ 2015 ಗಡುವಾಯಿತು. ಕ್ವಾರಂಟೈನ್‌ಗೆ ಮತ್ತು ಸರಕು ಸಾಗಿಸುವ ಮುನ್ನ ಕೊಡುವ ಅನಿಲಕ್ಕೆ ಮಾತ್ರ ವಿನಾಯಿತಿ. ಆ ಕಿಂಡಿಯಲ್ಲೇ ಅದು ಇಂದಿಗೂ ಉಳಿದಿದೆ.

ಈಗ ಕೆಲಸ ನಡೆಯುವ ಜಾಗಕ್ಕೆ ತಮ್ಮನ್ನು ಕರೆದೊಯ್ಯುತ್ತೇನೆ. ಕಬ್ಬಿಣದ ಬಾಗಿಲಿನ ಕೋಣೆ, ಇಲ್ಲವೆ ಟಾರ್ಪಾಲು ಹೊದಿಸಿದ ಪೆಟ್ಟಿಗೆಗಳ ರಾಶಿ. ಟಾರ್ಪಾಲಿನ ಅಂಚಿಗೆ ಸುತ್ತಲೂ ಉದ್ದನೆಯ ಮರಳಿನ ಚೀಲಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ. ರಾಶಿಯ ಮೇಲೆ, ನಡುವೆ, ಕೆಳಗೆ ಮೂರು ಸಣ್ಣ ಕೊಳವೆಗಳ ಬಾಯಿ ಇರುತ್ತದೆ. ಇನ್ನೊಂದು ತುದಿ ಹೊರಗೆ ಅಳೆಯುವ ಯಂತ್ರದ ಬಳಿ. ಮೀಥೈಲ್ ಬ್ರೋಮೈಡ್ ಸುಮಾರು 3.6 ಡಿಗ್ರಿಯಲ್ಲಿ ಕುದಿಯುವ ದ್ರವ. ಸಿಲಿಂಡರಿನಲ್ಲಿ ಒತ್ತಡಕ್ಕೆ ದ್ರವವಾಗಿರುವುದನ್ನು ಬಿಸಿನೀರಿನ ಸುರುಳಿಯ ಮೂಲಕ ಹಾಯಿಸಿ, ಪೂರ್ತಿ ಅನಿಲವಾಗಿಸಿಯೇ ಒಳಗೆ ಬಿಡಬೇಕು. ದ್ರವದ ಹನಿ ಸಿಪ್ಪೆಗೆ ಸಿಡಿದರೆ ಅಲ್ಲಿ ಸುಟ್ಟ ಕಲೆ ಬೀಳುತ್ತದೆ. ಅನಿಲ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಫ್ಯಾನ್ ಹಾಕದಿದ್ದರೆ ಕೆರೆಯ ತಳದ ಹೂಳಿನ ಹಾಗೆ ನೆಲದಲ್ಲಿ ಕುಳಿತುಬಿಡುತ್ತದೆ. ಕೆಳಗಿನ ಪೆಟ್ಟಿಗೆಯ ಹಣ್ಣು ಸುಡುತ್ತದೆ, ಮೇಲಿನ ಪೆಟ್ಟಿಗೆಯ ಹುಳ ನೆಮ್ಮದಿಯಾಗಿರುತ್ತದೆ.

ಕಿತ್ತಳೆಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ 21 ಡಿಗ್ರಿಯಲ್ಲಿ ಘನ ಮೀಟರಿಗೆ 32 ಗ್ರಾಂ, 2 ಗಂಟೆ. ಈ ಮೂರು ಸಂಖ್ಯೆಗಳಲ್ಲಿ ಮೊದಲನೆಯದನ್ನೇ ಜನ ಮರೆಯುತ್ತಾರೆ. ಕೀಟ ಉಸಿರಾಡಿದಷ್ಟೇ ಅನಿಲ ಒಳಗೆಳೆದುಕೊಳ್ಳುತ್ತದೆ, ಚಳಿಯಲ್ಲಿ ಅದರ ಉಸಿರು ನಿಧಾನವಾಗುತ್ತದೆ. 16 ಡಿಗ್ರಿಯ ಆಸುಪಾಸಿನಲ್ಲಿ ಅದೇ ಕೆಲಸಕ್ಕೆ 40 ಗ್ರಾಂ ಬೇಕು. ಜನವರಿಯಲ್ಲಿ ಮೈಸೂರಿನ ಬೆಳಗು ಹೇಗಿರುತ್ತದೆಂದು ತಮಗೇ ಗೊತ್ತು. ಹತ್ತು ಗಂಟೆಗೆ ಬಿಸಿಲು ಬಂದು ಕೋಣೆಯ ಗೋಡೆಯ ಥರ್ಮಾಮೀಟರು 22 ತೋರಿಸಬಹುದು. ರಾತ್ರಿಯಿಡೀ ಲಾರಿಯಲ್ಲಿ ತಣ್ಣಗಾದ ಕಿತ್ತಳೆಯ ಒಡಲು ಇನ್ನೂ 16ರಲ್ಲೇ ಇರುತ್ತದೆ. ಹುಳ ಇರುವುದು ಗೋಡೆಯ ಮೇಲಲ್ಲ, ಕಿತ್ತಳೆಯ ಒಡಲಿನಲ್ಲಿ. ಆದ್ದರಿಂದ ಥರ್ಮಾಮೀಟರಿನ ಮೊನೆಯನ್ನು ಹಣ್ಣಿನ ನಡುವಿಗೇ ಚುಚ್ಚಿ ನೋಡಬೇಕು. ಇನ್ನೊಂದು ಮೋಸ ರಟ್ಟಿನ ಪೆಟ್ಟಿಗೆಗಳದ್ದು. ರಟ್ಟು, ಮರದ ಪಟ್ಟಿ, ಕೊನೆಗೆ ಹಣ್ಣೂ ಸಹ ಅನಿಲವನ್ನು ಹೀರಿಕೊಳ್ಳುತ್ತವೆ. ಸಿಲಿಂಡರಿನ ತೂಕ ನೋಡಿ 32 ಗ್ರಾಂ ಬಿಟ್ಟೆವೆಂದು ಪುಸ್ತಕದಲ್ಲಿ ಬರೆದರೂ ಅರ್ಧ ಗಂಟೆಯ ಬಳಿಕ ರಾಶಿಯ ನಡುವೆ ಎಷ್ಟು ಉಳಿದಿದೆ ಎಂಬುದನ್ನು ಕೊಳವೆಯೇ ಹೇಳಬೇಕು.

ಕೆಲಸಗಾರರ ಮಾತನ್ನು ಇಲ್ಲಿಯೇ ಹೇಳಬೇಕು. ಮೀಥೈಲ್ ಬ್ರೋಮೈಡಿಗೆ ಬಣ್ಣವಿಲ್ಲ, ನಮ್ಮ ಮೂಗಿಗೆ ತಿಳಿಯುವಂಥ ವಾಸನೆಯೂ ಇಲ್ಲ. ಮರಮುಟ್ಟಿಗೆ, ಧಾನ್ಯಕ್ಕೆ ಬಳಸುವಾಗ ಎಚ್ಚರಿಕೆಗೆಂದು ಕಣ್ಣುರಿಸುವ ಕ್ಲೋರೋಪಿಕ್ರಿನ್ ಎಂಬ ವಸ್ತುವನ್ನು ನೂರಕ್ಕೆ 2ರಷ್ಟು ಬೆರೆಸುವ ಪದ್ಧತಿ ಇದೆ. ಕಣ್ಣಲ್ಲಿ ನೀರು ಬಂದರೆ ಓಡಿ ಎಂದು ಅದರ ಅರ್ಥ. ಆದರೆ ಕ್ಲೋರೋಪಿಕ್ರಿನ್ ಜೀವಂತ ಹಣ್ಣಿನ ಸಿಪ್ಪೆಯನ್ನು ಸುಡುತ್ತದೆ. ಹಾಗಾಗಿ ಹಣ್ಣಿಗೆ ಶುದ್ಧ ಮೀಥೈಲ್ ಬ್ರೋಮೈಡನ್ನೇ ಬಳಸಬೇಕು. ಕಿತ್ತಳೆಯ ಅಂದ ಉಳಿಸಲು ಮನುಷ್ಯನ ಎಚ್ಚರಿಕೆಯ ಗಂಟೆಯನ್ನೇ ತೆಗೆದುಹಾಕಿದ್ದೇವೆ. ಆ ಗಂಟೆಯ ಜಾಗದಲ್ಲಿ ಯಂತ್ರ ಇರಲೇಬೇಕು. ಹಿಂದೆ ತಾಮ್ರದ ಸುರುಳಿಯ ದೀಪವನ್ನು ಟಾರ್ಪಾಲಿನ ಅಂಚಿನಲ್ಲಿ ಹಿಡಿದು ನಡೆಯುತ್ತಿದ್ದರು. ಅನಿಲ ಸೋರಿದ ಕಡೆ ಜ್ವಾಲೆ ಹಸಿರಾಗುತ್ತಿತ್ತು, ಹೆಚ್ಚಾದರೆ ನೀಲಿ. ಈಗ ಅಂಕಿ ತೋರಿಸುವ ಉಪಕರಣಗಳಿವೆ. ಕೋಣೆಯ ಗಾಳಿಯಲ್ಲಿ ಅನಿಲ ಹತ್ತು ಲಕ್ಷಕ್ಕೆ 5 ಭಾಗಕ್ಕಿಂತ ಕೆಳಗಿಳಿಯುವ ತನಕ ಪೆಟ್ಟಿಗೆ ಎತ್ತಲು ಯಾರನ್ನೂ ಒಳಗೆ ಬಿಡಕೂಡದು. ಲಾರಿ ಕಾಯುತ್ತಿದೆ, ಬೇಗ ಬಾಗಿಲು ತೆಗೆಯಿರಿ ಎನ್ನುವ ಧಣಿಗೆ ಇಲ್ಲ ಎನ್ನುವ ಅಧಿಕಾರ ಆ ಯಂತ್ರ ಹಿಡಿದವನಿಗೆ ಇರಬೇಕು. ಇದ್ದರೆ ಮಾತ್ರ 15 ದಿನದ ತರಬೇತಿಗೆ ಬೆಲೆ.

ಎಷ್ಟು ಹುಳ ಸತ್ತರೆ ಸಾಕು? ಇದಕ್ಕೆ ಅಮೆರಿಕದ ಎ. ಸಿ. ಬೇಕರ್ 1939ರಲ್ಲಿ ಒಂದು ಉತ್ತರ ಕೊಟ್ಟ. ನೂರಕ್ಕೆ 99.9968 ಸಾಯಬೇಕು, ಅಂದರೆ ಹತ್ತು ಲಕ್ಷದಲ್ಲಿ ಬದುಕುವುದು 32ಕ್ಕಿಂತ ಹೆಚ್ಚಾಗಬಾರದು. ಅದನ್ನು ನೂರಕ್ಕೆ 95ರ ಭರವಸೆಯಿಂದ ಸಾಧಿಸಿ ತೋರಿಸಬೇಕಾದರೆ ಪ್ರಯೋಗದಲ್ಲಿ 93,613 ಹುಳಗಳಿಗೆ ಅನಿಲ ಕೊಟ್ಟು ಒಂದೂ ಉಳಿಯದಿರಬೇಕು. ಕೇಳಿದಾಗ ಅತಿಯೆನಿಸುತ್ತದೆ. ಒಂದು ಹಡಗಿನಲ್ಲಿ ಎಷ್ಟು ಲಕ್ಷ ಕಿತ್ತಳೆ ಹೋಗುತ್ತವೆ, ಒಂದು ಹೆಣ್ಣು ನೊಣ ನೂರಾರು ಮೊಟ್ಟೆಯಿಡುತ್ತದೆ ಎಂದು ಯೋಚಿಸಿದರೆ ಅತಿಯಲ್ಲ. 2001ರ ಕೊನೆಯಲ್ಲಿ ಸ್ಪೇನಿನಿಂದ ಅಮೆರಿಕಕ್ಕೆ ಹೋದ ಕ್ಲೆಮೆಂಟೈನ್ ಎಂಬ ಸಣ್ಣ ಕಿತ್ತಳೆಗಳಲ್ಲಿ ಜೀವಂತ ಮೆಡಿಟರೇನಿಯನ್ ನೊಣದ ಹುಳ ಸಿಕ್ಕವು. ಅವು ಅನಿಲ ಕಂಡ ಹಣ್ಣುಗಳಲ್ಲ, ಚಳಿಗೆ ಹುಳ ಸಾಯಲೆಂದು ಹಡಗಿನ ಶೀತಕೋಣೆಯಲ್ಲಿಟ್ಟು ತಂದವು. ನಿಯಮದಷ್ಟು ದಿನ ತಣ್ಣಗೆ ಇದ್ದವೆಂದು ಕಾಗದ ಹೇಳುತ್ತಿತ್ತು. ಆಮದು ನಿಂತಿತು. ಮರುವರ್ಷ ಶೀತದ ಅವಧಿಯನ್ನು ಎರಡೆರಡು ದಿನ ಹೆಚ್ಚಿಸಿ, 1.1 ಡಿಗ್ರಿಯಲ್ಲಿ 14 ದಿನ ಎಂದು ಮಾಡಿದ ಮೇಲೆಯೇ ಬಾಗಿಲು ತೆರೆದದ್ದು. ಅಲ್ಲಿ ಸರಕು ಕಳೆದುಕೊಂಡವರಲ್ಲಿ ತಪ್ಪೇ ಮಾಡದ ಬೆಳೆಗಾರರೂ ಇದ್ದರು.

ಮೈಸೂರಿನ ಇನ್ನೊಂದು ಸಂಶೋಧನೆಗೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಡ್ಯೂರೋಫ್ಯೂಮ್‌ಗಿಂತ ಇದು ದೂರ ಹೋಗುವಂಥದ್ದು. ಈಥೈಲ್ ಫಾರ್ಮೇಟ್ ಎಂಬ ದ್ರವವೊಂದಿದೆ. ಹಣ್ಣು, ವೈನ್, ರಮ್ಮುಗಳಲ್ಲಿ ಸ್ವಲ್ಪ ಸ್ವಲ್ಪ ಸಹಜವಾಗಿಯೇ ಇರುತ್ತದೆ, ವಾಸನೆಯೂ ಹಾಗೆಯೇ. 54 ಡಿಗ್ರಿಗೆ ಕುದಿಯುತ್ತದೆ, ಕೆಲಸ ಮುಗಿದ ಮೇಲೆ ಫಾರ್ಮಿಕ್ ಆಮ್ಲವಾಗಿಯೂ ಆಲ್ಕೊಹಾಲ್ ಆಗಿಯೂ ಒಡೆಯುತ್ತದೆ. ಒಣಹಣ್ಣುಗಳಿಗೆ ಅದನ್ನು ಬೇರೆಡೆ ಮೊದಲೇ ಬಳಸಿದ್ದರು. ಅದನ್ನು ಧಾನ್ಯ, ಬೇಳೆ, ಮಸಾಲೆ ಎಂದು ನಾನಾ ಆಹಾರ ಪದಾರ್ಥಗಳ ಮೇಲೆ ಪರೀಕ್ಷಿಸಿ, ಎಲ್ಲಕ್ಕೂ ಸಲ್ಲುವ ಸುರಕ್ಷಿತ ಧೂಮಕ ಎಂದು ಮುಂದಿಟ್ಟವರು ನಮ್ಮ ಮುತ್ತು, ರಾಜೇಂದ್ರನ್, ನರಸಿಂಹನ್, ಮಜುಂದಾರ್ ಮತ್ತು ಜೊತೆಗಾರರು. 1983ರಲ್ಲಿ ಆಸ್ಟ್ರೇಲಿಯದ ಪರ್ತ್‌ನಲ್ಲಿ ನಡೆದ ವಿಚಾರಗೋಷ್ಠಿಯ ಸಂಪುಟ ಮರುವರ್ಷ ಅಚ್ಚಾದಾಗ ಆ ಪ್ರಬಂಧ ಅದರಲ್ಲಿತ್ತು. ಆಗ ಮೀಥೈಲ್ ಬ್ರೋಮೈಡ್ ಅಗ್ಗವಾಗಿತ್ತು, ಓಝೋನ್ ಒಪ್ಪಂದ ಇನ್ನೂ ಹುಟ್ಟಿರಲಿಲ್ಲ. ಈಥೈಲ್ ಫಾರ್ಮೇಟಿಗೆ ಬೆಂಕಿ ಹೊತ್ತಿಕೊಳ್ಳುವ ದೋಷವೂ ಇತ್ತು. 2000ರ ದಶಕದಲ್ಲಿ ಆಸ್ಟ್ರೇಲಿಯದವರು ಅದನ್ನು ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ 16.7 ಭಾಗ ಬೆರೆಸಿ ಸಿಲಿಂಡರಿಗೆ ತುಂಬಿ ಬೆಂಕಿಯ ಭಯ ಕಳೆದರು. ಇಂಗಾಲದ ಡೈಆಕ್ಸೈಡ್ ಕೀಟದ ಉಸಿರಾಟವನ್ನು ಚುರುಕಾಗಿಸುವುದರಿಂದ ವಿಷವೂ ಬೇಗ ಒಳಹೋಗುತ್ತದೆ. ದಕ್ಷಿಣ ಕೊರಿಯ ತನ್ನ ಬಂದರಿಗೆ ಬರುವ ಬಾಳೆ, ಕಿತ್ತಳೆಗಳಿಗೆ ಮೀಥೈಲ್ ಬ್ರೋಮೈಡಿನ ಬದಲು ಈಥೈಲ್ ಫಾರ್ಮೇಟ್ ಕೊಡುವುದನ್ನು ರೂಢಿಗೆ ತಂದಿತು. ಅನಿಲದ ಕೋಣೆಗಳಲ್ಲಿ ದುಡಿಯುವವರ ಆರೋಗ್ಯವೂ ಅದಕ್ಕೊಂದು ಕಾರಣವಾಗಿತ್ತು. ಚೆಲುವಾಂಬ ಮಹಲಿನ ಅಂಗಳದಲ್ಲಿ ಅಳೆದು ತೂಗಿದ ವಸ್ತು ಕೊರಿಯದ ಕಿತ್ತಳೆಗೆ ಒದಗುತ್ತಿದೆ. ಕೊಡಗಿನ ಕಿತ್ತಳೆಗೆ, ವಿಜಯಪುರದ ಇಂಡಿ ನಿಂಬೆಗೆ ಇನ್ನೂ ಒದಗಿಲ್ಲ.

ಒದಗಿಸುವ ಮುನ್ನ ಅದರ ಮಿತಿ ತಿಳಿದಿರಬೇಕು. ಈಥೈಲ್ ಫಾರ್ಮೇಟ್ ಹಣ್ಣಿನ ಹೊರಮೈಯ ಕೀಟಗಳಿಗೆ ಒಳ್ಳೆಯದು. ತೊಟ್ಟಿನ ಸಂದಿಯಲ್ಲಿ ಅವಿತ ಹಿಟ್ಟುತಿಗಣೆ, ಸಸ್ಯಹೇನು, ಥ್ರಿಪ್ಸ್ ಅದಕ್ಕೆ ಸಾಯುತ್ತವೆ. ತೊಳೆಯೊಳಗಿನ ಹಣ್ಣುನೊಣದ ಹುಳದ ತನಕ ಅದು ಸಾಕಷ್ಟು ಇಳಿಯುವುದಿಲ್ಲ. ಉಗ್ರಾಣಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯೂ ಇಲ್ಲಿ ನಡೆಯದು. ಅದು ಅನಿಲ ಬಿಡಲು ದಿನಗಟ್ಟಲೆ ತೆಗೆದುಕೊಳ್ಳುತ್ತದೆ, ಜೊತೆಗೆ ಬರುವ ಅಮೋನಿಯಾ ಹಣ್ಣನ್ನು ಕೆಡಿಸುತ್ತದೆ. ಸಿಲಿಂಡರಿನಲ್ಲಿ ಸಿಗುವ ಶುದ್ಧ ಫಾಸ್ಫೀನನ್ನು ಶೀತಕೋಣೆಯಲ್ಲೇ ಬಳಸುವ ಕ್ರಮ ಚಿಲಿ ದೇಶದಲ್ಲಿ ಬೆಳೆದಿದೆ, ಅದನ್ನು ಇಲ್ಲಿಯೂ ನೋಡಬಹುದು. ಹಣ್ಣುನೊಣಕ್ಕೆ ಮಾತ್ರ ನಾನು ಅನಿಲವನ್ನು ನೆಚ್ಚುವುದಿಲ್ಲ. ಮಾವಿಗೆ 48 ಡಿಗ್ರಿಯ ಬಿಸಿನೀರಿನಲ್ಲಿ 60 ನಿಮಿಷ ಅದ್ದುವ ಕ್ರಮವಿದೆ. ಕಿತ್ತಳೆಗೆ ಶೀತ ಅಥವಾ ವಿಕಿರಣ. ಹಣ್ಣುನೊಣಗಳ ಇಡೀ ಕುಲಕ್ಕೆ 150 ಗ್ರೇ ವಿಕಿರಣ ಸಾಕೆಂದು ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆ 2009ರಲ್ಲೇ ಒಪ್ಪಿದೆ, ಅಂಥ ಘಟಕ ಕೋಲಾರ ಜಿಲ್ಲೆಯ ಮಾಲೂರಿನಲ್ಲಿದೆ. ವಿಕಿರಣ ತಗುಲಿದ ಹುಳ ಕೂಡಲೇ ಸಾಯದಿರಬಹುದು, ಆದರೆ ನೊಣವಾಗಿ ಏಳುವುದಿಲ್ಲ.

ಆಗಲೇ ನೆನಪಿಟ್ಟುಕೊಳ್ಳಿ ಎಂದ ವ್ಯತ್ಯಾಸ ಈಗ ಉಪಯೋಗಕ್ಕೆ ಬರುತ್ತದೆ. ಈಚೆಗೆ ಭೌಗೋಳಿಕ ಗುರುತು ಪಡೆದ ವಿಜಯಪುರದ ಇಂಡಿ ನಿಂಬೆಯನ್ನು 1 ಡಿಗ್ರಿಯಲ್ಲಿ ಎರಡು ವಾರ ಇಟ್ಟರೆ ಸಿಪ್ಪೆಯಲ್ಲಿ ಕುಳಿ ಬಿದ್ದು ಕಂದಾಗುತ್ತದೆ, ಅಷ್ಟು ಚಳಿ ಅದಕ್ಕೆ ಆಗಿಬರುವುದಿಲ್ಲ. ಒಳಗಿನ ಹುಳದ ಕಾಟ ಅದಕ್ಕೆ ಕಡಿಮೆ; ಅದರ ಶತ್ರುಗಳು ಮೈಮೇಲಿನವು. ಆದ್ದರಿಂದ ಈಥೈಲ್ ಫಾರ್ಮೇಟ್ ಮೊದಲು ಪರೀಕ್ಷೆಯಾಗಬೇಕಾದದ್ದು ನಿಂಬೆಯ ಮೇಲೆ. ನಿಂಬೆಯ ಕಜ್ಜಿರೋಗ ಬ್ಯಾಕ್ಟೀರಿಯಾದ್ದು, ಅದು ಯಾವ ಅನಿಲಕ್ಕೂ ಬಗ್ಗುವುದಿಲ್ಲ; ಅದನ್ನು ತೋಟದಲ್ಲೇ ತಡೆಯಬೇಕು. ಕೊಡಗಿನ ಕಿತ್ತಳೆಯ ಕತೆ ತಿರುವುಮುರುವು. ಸಡಿಲ ಸಿಪ್ಪೆ, ತೆಳು ಪದರ, ಮಳೆಗಾಲದ ಬೆಳೆಗೆ ಹಣ್ಣುನೊಣದ ಹಾವಳಿ. ಮೀಥೈಲ್ ಬ್ರೋಮೈಡಿನ ಪ್ರಮಾಣ ಕೊಂಚ ಹೆಚ್ಚಾದರೂ ಆ ಸಿಪ್ಪೆಗೆ ಕಲೆ ಬೀಳುತ್ತದೆ, ಕಡಿಮೆಯಾದರೆ ಹುಳ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಆ ಹಣ್ಣು ಹುಣಸೂರು ದಾರಿಯಲ್ಲಿ ಇಳಿದು ಬಂದು ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಗುಡ್ಡೆಗುಡ್ಡೆಯಾಗಿ ಬೀಳುತ್ತಿದ್ದ ಕಾಲವಿತ್ತು. ಹಸಿರು ಹಿಡಿಯುವ ರೋಗ, ತುದಿ ಒಣಗುವ ರೋಗ, ಕಾಫಿಯ ಬೆಲೆ ಎಲ್ಲ ಸೇರಿ ಮರಗಳು ಹೋದವು. ಅಳಿದುಳಿದ ಮರಗಳಿಗಾಗಿ ಚೆಟ್ಟಳ್ಳಿಯ ತೋಟಗಾರಿಕಾ ಕೇಂದ್ರ ಇಂದಿಗೂ ದುಡಿಯುತ್ತಿದೆ.

ತೋಟದ ಮಾತು ಬಂದದ್ದರಿಂದ ಒಂದು ವಿಷಯ. ಕೊಯ್ಲಿನ ನಂತರದ ಯಾವ ಉಪಚಾರವೂ ಹತ್ತು ಹಣ್ಣಿಗೆ ಒಂದರಲ್ಲಿ ಹುಳವಿರುವ ರಾಶಿಯನ್ನು ಉಳಿಸಲಾರದು. ಹತ್ತು ಲಕ್ಷಕ್ಕೆ 32 ಉಳಿಯಬಹುದು ಎನ್ನುವ ಲೆಕ್ಕದಲ್ಲಿ ಒಳಗೆ ಹೋಗುವ ಹುಳ ಕಡಿಮೆಯಾದಷ್ಟೂ ಹೊರಗೆ ಬರುವ ಹುಳವೂ ಕಡಿಮೆ. ಬಿಹಾರದ ಪೂಸಾದಲ್ಲಿದ್ದ ಎಫ್. ಎಂ. ಹೌಲೆಟ್ 1912ರಲ್ಲಿ ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ಹಣ್ಣುನೊಣಗಳು ಮುತ್ತುವುದನ್ನು ವರದಿ ಮಾಡಿದ. ಅವುಗಳನ್ನು ಸೆಳೆಯುವ ಅಂಶ ಮೀಥೈಲ್ ಯುಜಿನಾಲ್ ಎಂದು ಮೂರು ವರ್ಷದಲ್ಲಿ ಗುರುತಿಸಿದ. ಇಂದು ಜಗತ್ತಿನಾದ್ಯಂತ ಹಣ್ಣಿನ ತೋಟಗಳಲ್ಲಿ ತೂಗುವ ಮೀಥೈಲ್ ಯುಜಿನಾಲ್ ಬಲೆಗಳೆಲ್ಲ ಆ ಭಾರತೀಯ ಸಂಶೋಧನೆಯ ಸಂತಾನ. ನಮ್ಮ ತೋಟಗಾರರಿಗೆ ಗೊತ್ತಿರುವ ಪಾಕ 6:4:1: ಆಲ್ಕೊಹಾಲ್, ಮೀಥೈಲ್ ಯುಜಿನಾಲ್, ಮೆಲಾಥಿಯಾನ್‌ಗಳಲ್ಲಿ ನೆನೆಸಿದ ಪ್ಲೈವುಡ್ಡಿನ ಚೂರು. ಇದಕ್ಕೂ ಮುಖ್ಯವಾದದ್ದು ಉದುರಿದ ಹಣ್ಣು. ಅದನ್ನು ಮರದಡಿಯಲ್ಲೇ ಬಿಟ್ಟರೆ ಹುಳಕ್ಕೆ ಬೇಕಾದ ಮಣ್ಣನ್ನು ನಾವೇ ಒದಗಿಸಿದಂತೆ. ಆಯ್ದು ಆಳವಾಗಿ ಹೂಳಬೇಕು. ಒಬ್ಬರು ಹೂತು ಪಕ್ಕದ ತೋಟದವರು ಬಿಟ್ಟರೆ ನೊಣಕ್ಕೆ ಬೇಲಿಯ ಲೆಕ್ಕವಿಲ್ಲ. ಊರಿಗೆ ಊರೇ ಸೇರಿ ಮಾಡಬೇಕಾದ ಕೆಲಸವಿದು.

ಇನ್ನು ಮೈಸೂರು ಮಾಡಬಹುದಾದದ್ದು. ಬಂಡಿಪಾಳ್ಯದ ಮಾರುಕಟ್ಟೆಯ ಆವರಣದಲ್ಲಿ ಒಂದು ಸಣ್ಣ ಪ್ರಯೋಗದ ಕೋಣೆ ಸಾಕು. ಕೋಣೆಗಿಂತ ಮುಖ್ಯವಾದದ್ದು ಅಳತೆಯ ಸಲಕರಣೆ: ಮೂರು ಕೊಳವೆ, ಹಣ್ಣಿನ ಒಡಲಿಗಿಳಿಯುವ ಥರ್ಮಾಮೀಟರು, ಅನಿಲದ ಅಂಕಿಯನ್ನು ತಾನೇ ಬರೆದಿಡುವ ಯಂತ್ರ. ಈಥೈಲ್ ಫಾರ್ಮೇಟ್ ಅಲ್ಲಿ ನಿಂಬೆಯ ಮೇಲೆ ಮೊದಲು ಪರೀಕ್ಷೆಯಾಗಲಿ, ಕೊಡಗಿನ ಕಿತ್ತಳೆಗೆ ಶೀತದ ದಿನಗಳನ್ನು ಚಳಿಗಾಲದ ಬೆಳೆಗೆ ಬೇರೆ, ಮಳೆಗಾಲದ ಬೆಳೆಗೆ ಬೇರೆ ಗೊತ್ತುಮಾಡಲಿ. ನಿಯಮದಲ್ಲಿ ಹೆಸರಿರುವ ಸಂಸ್ಥೆ ಈ ಊರಿನಲ್ಲೇ ಇದೆ, ಹಣ್ಣು ಬೆಳೆಯುವ ಬೆಟ್ಟ ಮೂರು ಗಂಟೆಯ ದಾರಿಯಲ್ಲಿದೆ. ಪ್ರಯೋಗದ ಪ್ರತಿ ದಿನದ ಅಂಕಿಗಳನ್ನೂ, ಹುಳ ಉಳಿದ ದಿನದವನ್ನೂ ಸೇರಿಸಿ, ಕನ್ನಡದಲ್ಲಿ ಅಚ್ಚು ಮಾಡಿ ಬೆಳೆಗಾರರ ಸಂಘಗಳಿಗೆ ಕಳಿಸಬೇಕು. ಹಣ್ಣು ಅವರದು, ಅದರ ಒಡಲಿಗೆ ಏನು ಹೋಯಿತು, ಎಷ್ಟು ಹೋಯಿತು, ಏನು ಉಳಿಯಿತು ಎಂದು ಕೇಳುವ ಹಕ್ಕು ಅವರದೂ ಹೌದು, ಪೆಟ್ಟಿಗೆ ಹೊರುವವರದೂ ಹೌದು, ಮನೆಯಲ್ಲಿ ಕೂತು ಸಿಪ್ಪೆ ಸುಲಿಯುವ ನಮ್ಮೆಲ್ಲರದೂ ಹೌದು.